ಮರುಭೂಮಿಗೆ ಮೊದಲು ಕೆಂಟನ್‌ನಲ್ಲಿ

ನಮ್ಮ ಮನೆಯ ಯಾವ ಪ್ರವಾಸವೂ ಹೋದ ಜಾಗದಲ್ಲಿ ನಡೆಯುವುದಿಲ್ಲ. ಹೊರಡುವ ಮೊದಲು ಮನೆಯಲ್ಲೇ ನಡೆದು ಮುಗಿದಿರುತ್ತದೆ. ಹೋದ ವರ್ಷ ಅಮೆರಿಕದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಉದ್ಯಾನ ಎಂದರೆ ಹೂವು, ಕಾರಂಜಿ ಅಲ್ಲ. ಎತ್ತರದ ಮರುಭೂಮಿ. ಕೆಂಪು ಬಂಡೆ, ಒಣ ಕಣಿವೆ, ಮೇಲೆ ಬರೀ ಆಕಾಶ. ಅಲ್ಲಿ ಐದು ದಿನ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ನಡೆದೆವು, ಡೇರೆಯಲ್ಲಿ ಮಲಗಿದೆವು, ನಕ್ಷತ್ರ ನೋಡಿದೆವು, ಕೈಕಾಲು ನೆಟ್ಟಗಿಟ್ಟುಕೊಂಡು ವಾಪಸ್ ಬಂದೆವು. ಆಗಿದ್ದೆಲ್ಲ ಇಲ್ಲೇ, ಲಂಡನ್ನಿನ ಕೆಂಟನ್‌ನಲ್ಲಿ.

ಹೋಗೋಣ ಎಂದವಳು ಮಗಳು. ಹದಿನೇಳು ವರ್ಷ. ಎರಡು ವರ್ಷದಿಂದ ನಮ್ಮ ಜೊತೆ ಸೌತ್‌ಹಾಲ್‌ಗೆ ತರಕಾರಿ ತರಲೂ ಬಂದವಳಲ್ಲ. ಮುಂದಿನ ವರ್ಷ ಯೂನಿವರ್ಸಿಟಿ ಅಂತ ಮನೆ ಬಿಟ್ಟು ಹೋಗುವವಳು. ಅಂಥವಳು ಒಂದು ದಿನ ಊಟದ ನಡುವೆ ತಾನಾಗಿಯೇ, ನಾವು ಮೂವರೂ ಅಲ್ಲಿಗೆ ಹೋಗೋಣವಾ ಎಂದು ಕೇಳಿದಳು. ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಅವಳ ಮನಸ್ಸು ಬದಲಾಗುವ ಮೊದಲು ಎಲ್ಲ ಬುಕ್ ಆಗಬೇಕಿತ್ತು. ಆ ಅವಸರವೇ ಮುಂದಿನದಕ್ಕೆಲ್ಲ ಮೂಲ.

ಒಟ್ಟು ಮೂರು

ಡೇರೆ ಹಾಕುವ ಜಾಗಗಳ ಬುಕಿಂಗ್ ಅಲ್ಲಿ ಬೆಳಿಗ್ಗೆ ಶುರುವಾಗುತ್ತದೆ, ನಮಗೆ ಆಗ ಮಧ್ಯಾಹ್ನ. ಕಣ್ಣು ಮಿಟುಕಿಸುವುದರೊಳಗೆ ತುಂಬಿಹೋಗುತ್ತವೆ. ನಮ್ಮವರು ಗ್ರೀನ್‌ಫರ್ಡ್‌ನ ಗೋದಾಮೊಂದರಲ್ಲಿ ಸೂಪರ್‌ವೈಸರ್. ಅವತ್ತು ರಜೆ ಹಾಕಿ, ಸ್ನಾನ ಮಾಡಿ, ಲ್ಯಾಪ್‌ಟಾಪ್ ಮುಂದೆ ಕೂತರು. ನೋಡನೋಡುತ್ತ ಪರದೆಯ ಮೇಲೆ ಎಲ್ಲ ಜಾಗವೂ ಕೆಂಪಾಯಿತು. ಒಂದೇ ಒಂದು ಹಸಿರು ಉಳಿದಿತ್ತು. ಒತ್ತಿಯೇ ಬಿಟ್ಟರು. ಎಷ್ಟು ಎಂದು ಕೇಳಿತು. ಮೂರು ಎಂದು ತುಂಬಿದರು.

ಎರಡು ದಿನಕ್ಕೆ ಇಮೇಲ್ ಬಂತು. ನಿಮ್ಮ ಮೂರೂ ಕುದುರೆಗಳಿಗೆ ಸ್ವಾಗತ, ಹುಲ್ಲು ನೀವೇ ತರಬೇಕು, ಅದರಲ್ಲಿ ಕಳೆಬೀಜ ಇರಬಾರದು ಅಂತ. ಕುದುರೆ ಕಟ್ಟಿಕೊಂಡು ಬರುವವರಿಗೆಂದೇ ಇಟ್ಟ ಜಾಗವಂತೆ ಅದು.

ಮಗಳು ಸೋಫಾದಿಂದ ಕೆಳಗೆ ಜಾರುವ ತನಕ ನಕ್ಕಳು. ನಮ್ಮವರು ಗಂಭೀರವಾಗಿ ಅಲ್ಲಿಯ ಆಫೀಸಿಗೆ ಫೋನ್ ಮಾಡಿ, ಕುದುರೆಗಳು ಬರುತ್ತಿಲ್ಲ, ನಾವಷ್ಟೇ ಬರುತ್ತೇವೆ ಎಂದರು. ಆ ಕಡೆಯ ಹೆಂಗಸು ಒಳ್ಳೆಯವಳು. ಯಾರೋ ಬಿಟ್ಟುಕೊಟ್ಟಿದ್ದ ಮನುಷ್ಯರ ಜಾಗವೊಂದನ್ನು ಹುಡುಕಿ ನಮ್ಮ ಹೆಸರಿಗೆ ಮಾಡಿದಳು. ಫೋನ್ ಇಡುವ ಮುನ್ನ ಕಾಳಜಿಯಿಂದ, "ಪಾಪ, ಕುದುರೆಗಳಿಗೆ ಹುಷಾರಿಲ್ಲವೇ?" ಎಂದು ಕೇಳಿದಳು.

ತಪ್ಪು ಒಪ್ಪಿಕೊಳ್ಳಲು ನಮ್ಮವರಿಗೆ ನಾಚಿಕೆ. "ಚೆನ್ನಾಗಿವೆ ಮೇಡಂ," ಎಂದರು. "ವೀಸಾ ಸಿಗಲಿಲ್ಲ."

ವಿಜಯಪುರದವರಿಗೆ ಬಿಸಿಲು

ಎತ್ತರದ ಮರುಭೂಮಿಯಲ್ಲಿ ಹಗಲು ಎಷ್ಟೇ ಬಿಸಿಲಿರಲಿ, ಕತ್ತಲಾದ ಮೇಲೆ ಬಾಟಲಿಯ ನೀರು ಗಡ್ಡೆ ಕಟ್ಟುತ್ತದೆ ಎಂದು ಮಗಳು ಓದಿ ಹೇಳಿದಳು. ನಮ್ಮವರು ಒಪ್ಪಲಿಲ್ಲ.

"ನಾ ವಿಜಯಪುರದಾಂವ. ಬಿಸಲಿನೂರಿನ ಸುದ್ದಿ ನನಗ ಹೇಳಬ್ಯಾಡ."

"ಡ್ಯಾಡ್, ಇಟ್ಸ್ ಹೈ ಡೆಸರ್ಟ್."

"ಹೈ ಇರಲಿ, ಲೋ ಇರಲಿ. ಮರುಭೂಮಿ ಮರುಭೂಮಿನ."

ಕೊನೆಗೆ ಅವರನ್ನು ಕ್ಯಾಂಪಿಂಗ್ ಸಾಮಾನಿನ ಅಂಗಡಿಗೆ ಕರೆದೊಯ್ದೆವು. ಅಂಗಡಿಯಾಕೆ ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ನೆಲಕ್ಕೆ ಹಾಸಿ, ಒಳಗೆ ಮಲಗಿ ನೋಡಿದರೇ ಗೊತ್ತಾಗುವುದು ಎಂದಳು. ನಮ್ಮವರು ಬೂಟು ಬಿಚ್ಚಿ ಒಳಗೆ ಹೊಕ್ಕು, ಗದ್ದದವರೆಗೆ ಜಿಪ್ ಎಳೆದುಕೊಂಡರು. ಜಿಪ್ ಅಲ್ಲೇ ಕಚ್ಚಿಕೊಂಡಿತು. ನಾನು ಎಳೆದೆ, ಮಗಳು ಎಳೆದಳು, ಬರಲಿಲ್ಲ. ಅಂಗಡಿಯಾಕೆ ಎಣ್ಣೆ ತರಲು ಒಳಗೆ ಹೋದಳು.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದರು. ನೆಲದ ಮೇಲೆ ಮುಖ ಮಾತ್ರ ಕಾಣುವಂತೆ ಮಲಗಿದ್ದ ಈ ಮನುಷ್ಯನನ್ನು ಅಂಗಡಿಯವರೇ ಇಟ್ಟಿದ್ದಾರೆ ಎಂದುಕೊಂಡರೋ ಏನೋ, ಬಗ್ಗಿ ವಿಚಾರಿಸಿದರು. ಬೆಚ್ಚಗಿದೆಯೇ? ತುಂಬಾ, ಎಂದರು ನಮ್ಮವರು. ಆರಾಮವಾಗಿದೆಯೇ?

ಹಣೆಯಿಂದ ಬೆವರು ಇಳಿಯುತ್ತಿತ್ತು. "ಅರ್ಧ ಗಂಟೆಯಾಯಿತು, ಹೊರಗೆ ಬರಲಿಕ್ಕೇ ಆಗುತ್ತಿಲ್ಲ," ಎಂದರು.

ಇಬ್ಬರೂ ಒಂದೊಂದು ಕೊಂಡುಕೊಂಡರು.

ಹಿತ್ತಲಿನ ವಾಸ

ಹೊಸ ಡೇರೆಯನ್ನು ಮೊದಲು ಹಿತ್ತಲಲ್ಲಿ ಹಾಕಿ ನೋಡಬೇಕೆಂದು ಮಗಳು ಹಟ ಹಿಡಿದಳು. ಅಪ್ಪ ಒಂದು ಕೋಲು ಹಿಡಿದರೆ ಅವಳು ಇನ್ನೊಂದು ಹಿಡಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಶನಿವಾರ, ರವಿವಾರ ನಮ್ಮವರು ಅಭ್ಯಾಸಕ್ಕೆಂದು ಅಲ್ಲೇ ಮಲಗಿದರು.

ಸೋಮವಾರ ನಾನು ಕೆಲಸದಲ್ಲಿದ್ದೆ. ನಾನು ನಮ್ಮ ಏರಿಯಾದ ಜಿಪಿ ಸರ್ಜರಿಯಲ್ಲಿ, ಅಂದರೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಶನಿಸ್ಟ್. ಪಕ್ಕದ ಮನೆಯ ಗುಜರಾತಿ ಅಜ್ಜಿ ಸರದಿಯಲ್ಲಿ ನಿಂತು ಕೌಂಟರಿಗೆ ಬಂದರು. ಏನಾಗಿದೆ ಎಂದು ಕೇಳಿದೆ.

"ನನಗೇನೂ ಆಗಿಲ್ಲ, ಬೇಟಾ," ಎಂದು ದನಿ ತಗ್ಗಿಸಿದರು. ಅವರಿಗೆ ಕಿವಿ ಮಂದ, ತಗ್ಗಿಸಿದ ದನಿಯೂ ಹೊರಗಿನ ಬಸ್‌ಸ್ಟಾಪಿಗೆ ಕೇಳುತ್ತದೆ. "ಏನೇ ತಪ್ಪು ಮಾಡಿರಲಿ, ಗಂಡನನ್ನು ಒಳಗೆ ಕರೆದುಕೋ. ಎರಡು ದಿನದಿಂದ ಬೇಲಿಯ ಹತ್ತಿರ ಹಲ್ಲುಜ್ಜುತ್ತ ನಿಂತಿರುತ್ತಾನೆ, ನೋಡಲಾಗುವುದಿಲ್ಲ."

ಪ್ರವಾಸದ ಅಭ್ಯಾಸ ಎಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ನನ್ನ ಕೈ ತಟ್ಟಿ ಹೋದರು. ಹಿಂದೆ ನಿಂತಿದ್ದ ಇಂಗ್ಲಿಷ್ ಮುದುಕಿಯೊಬ್ಬಳು ಮಾತ್ರ, "ಇನ್ನೊಂದು ವಾರ ಅಲ್ಲೇ ಇರಲಿ ಬಿಡು," ಎಂದಳು.

ಮನೆಗೆ ಬಂದು ವಿಚಾರಿಸಿದರೆ, ಅಜ್ಜಿ ಎರಡೂ ದಿನ ಬೇಲಿಯ ಮೇಲಿಂದ ಮೆಂತ್ಯಸೊಪ್ಪಿನ ಥೇಪ್ಲಾ ಕೊಟ್ಟಿದ್ದಾರೆ. ಇವರು ತೆಗೆದುಕೊಂಡು ತಿಂದಿದ್ದಾರೆ.

"ಖರೇ ಏನು ಅಂತ ಹೇಳಬಾರದಾಗಿತ್ತೇನ್ರಿ?"

"ಹೇಳೂಣಂತಿದ್ದೆ," ಎಂದರು. "ಅಷ್ಟರಾಗ ನಾಳೆ ಢೋಕ್ಲಾ ಮಾಡ್ತೀನಿ ಅಂದ್ರು."

ಅಜ್ಜಿಗೆ ಕೊಟ್ಟ ಉತ್ತರ

ಹೊರಡಲು ಎರಡು ಮೂರು ವಾರ ಇರುವಾಗ ಉದ್ಯಾನದಿಂದ ನಿಯಮಗಳ ಪಟ್ಟಿ ಬಂತು. ನಾವು ನಡೆಯುವ ಕಣಿವೆಯಲ್ಲಿ ಮೂರು ದಿನ ಶೌಚಾಲಯ ಇಲ್ಲ. ಮಣ್ಣು ಎಷ್ಟು ಒಣಗಿದ್ದೆಂದರೆ ಅಲ್ಲಿ ಹೂತಿಟ್ಟದ್ದು ಕೊಳೆಯುವುದೂ ಇಲ್ಲ. ಆದ್ದರಿಂದ ಒಂದು ಭದ್ರವಾದ ಚೀಲ ಇಟ್ಟುಕೊಂಡು, ಅವರವರದನ್ನು ಅವರವರೇ ಹೊತ್ತು ತರಬೇಕು. ನಮ್ಮವರು ಅದನ್ನು ಮೂರು ಸಲ ಓದಿದರು. ಅವತ್ತು ರಾತ್ರಿಯ ಊಟದಲ್ಲಿ ಎರಡನೇ ಸಲ ಅನ್ನ ಬೇಡ ಎಂದರು.

ಅದೇ ವಾರ ಧಾರವಾಡದಿಂದ ನನ್ನ ಅವ್ವನ ವಿಡಿಯೋ ಕಾಲ್ ಬಂತು. ಅವ್ವನಿಗೆ ಇಂಗ್ಲಿಷ್ ಬಾರದು. ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಡುವೆ ನಾನು ದುಭಾಷಿ. ಅವತ್ತು ನಾನು ರೊಟ್ಟಿ ಬಡಿಯುತ್ತಿದ್ದೆ, ಕೈತುಂಬ ಹಿಟ್ಟು.

"ಅಮೆರಿಕಾದಿಂದ ಬರೂಮುಂದ ಏನ್ ತರ್ತೀ, ಪುಟ್ಟಿ?" ಎಂದು ಅವ್ವ ಕೇಳಿದಳು.

ನನ್ನ ಕಡೆ ನೋಡಿದಳು ಮಗಳು. ನಾನು ರೊಟ್ಟಿ ತಿರುವುತ್ತಿದ್ದೆ. ಸರಿ, ಒಂದೊಂದೇ ಶಬ್ದ ಹುಡುಕಿ ತಾನೇ ಹೇಳಿದಳು. "ಅಜ್ಜಿ, ಅಲ್ಲೆ ರೂಲ್ ಅದ. ನಾವು ಮಾಡಿದ್ದು ನಾವೇ ಹೊರಬೇಕು. ಬ್ಯಾರೆಯವರು ಹೊರಂಗಿಲ್ಲ. ಬಿಟ್ಟು ಬರಲಿಕ್ಕೆ ಆಗಂಗಿಲ್ಲ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟು ಸಣ್ಣ ವಯಸ್ಸಿಗೆ ತಿಳೀತಲ್ಲವ್ವ ನಿನಗ. ನನಗ ಎಪ್ಪತ್ತಾದ ಮ್ಯಾಲೆ ತಿಳೀತು."

ನಮ್ಮವರು ಎದ್ದು ಹಿತ್ತಲಿಗೆ ಹೋದರು. ನಾನು ರೊಟ್ಟಿ ಹೊತ್ತಿಸಿದೆ. ಹೀಗಲ್ಲ ಅವ್ವಾ ಎಂದು ಹೇಳಲು ಬಾಯಿ ಬರಲಿಲ್ಲ.

ಮರುವಾರ ಫೋನಿನ ಪರದೆ ತುಂಬ ತಲೆಗಳು. ಅವ್ವ ತನ್ನ ಭಜನಾ ಮಂಡಳಿಯ ಹೆಂಗಸರನ್ನೆಲ್ಲ ಕೂಡಿಸಿದ್ದಳು. "ಅವತ್ತು ಹೇಳಿದ್ದು ಇವರಿಗೂ ಒಮ್ಮೆ ಹೇಳವ್ವ," ಎಂದಳು.

ಮಗಳು ಹೇಳಿದಳು. ಈ ಸಲ ಒಂದೂ ಶಬ್ದ ತಡವರಿಸಲಿಲ್ಲ. ಆ ಕಡೆ ಯಾರೋ "ಶಿವ ಶಿವ" ಎಂದರು. ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ, ದಪ್ಪ ಕನ್ನಡಕದವಳು, ಮುಂದೆ ಬಾಗಿ ಕೈ ಮುಗಿದು ಕೇಳಿದಳು.

"ಖರೇ ಮಾತು, ತಂಗಿ. ಆದ್ರ ಎಲ್ಲೀತನಕಾ ಹೊರಬೇಕು?"

ಮಗಳು ಪಟ್ಟಿಯಲ್ಲಿ ಓದಿದ್ದನ್ನು ನೆನೆಸಿಕೊಂಡು ನಿಜವನ್ನೇ ಹೇಳಿದಳು.

"ಕಾರ್ ಪಾರ್ಕ್ ತನಕಾ, ಅಜ್ಜಿ. ಅಲ್ಲೆ ಒಂದು ಬಿನ್ ಅದ."