ನಮ್ಮವರ ಹೊಟ್ಟೆ, ಮಾಲಕಿಯ ಹಂದಿ

ಹೊಟ್ಟೆಯ ವಿಷಯವನ್ನು ನಾಲ್ಕು ಜನರ ಮುಂದೆ ಆಡಬಾರದು ಅನ್ನುತ್ತಾರೆ. ಆದರೆ ವರ್ಗವಾಗಿ ಪರವೂರಿಗೆ ಬಂದ ಯಾವ ಸಂಸಾರವನ್ನಾದರೂ ಕೇಳಿ ನೋಡಿ, ಸಾಮಾನು ಇಳಿಸಿದ ಮರುದಿನದಿಂದಲೇ ಇಂಥ ಪ್ರಸಂಗಗಳು ಒಂದಾದ ಮೇಲೆ ಒಂದು ಶುರುವಾಗಿರುತ್ತವೆ. ಎಂಬತ್ತರ ದಶಕದಲ್ಲಿ ಒಂದೂವರೆ ವರ್ಷ ನಮ್ಮ ಮನೆಯಲ್ಲಂತೂ ಬೇರೆ ಮಾತೇ ಇರಲಿಲ್ಲ.

ನಮ್ಮ ಮನೆಯವರಿಗೆ ಬ್ಯಾಂಕಿನ ಕೆಲಸ. ಧಾರವಾಡದಿಂದ ಗೋವಾದ ಕೆಪೆಗೆ ವರ್ಗವಾಯಿತು. ಧಾರವಾಡದ ಮನೆ ಎಂದರೆ ಅತ್ತೆ, ಮಾವ, ಮೈದುನಂದಿರು, ನೆಗೆಣ್ಣಿಯರು, ಅವರ ಮಕ್ಕಳು. ಅಲ್ಲಿ ನಾನು ಚಹಾ ಕುಡಿಯುತ್ತಿದ್ದದ್ದು ನಿಂತುಕೊಂಡು, ಅದೂ ಒಲೆಯ ಮುಂದೆ, ಅದೂ ಆರಿದ್ದು. ಕೆಪೆಗೆ ಬಂದ ದಿನ ಸಂಜೆ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬಿಸಿ ಚಹಾ ಕುಡಿದೆ. ಈ ಊರು ಬಿಟ್ಟು ಕದಲುವವಳಲ್ಲ ಎಂದು ಆಗಲೇ ನಿಶ್ಚಯ ಮಾಡಿಬಿಟ್ಟೆ. ಆದರೆ ನನ್ನ ಸುಖವೆಲ್ಲ ನಿಂತದ್ದು ನಮ್ಮವರ ಹೊಟ್ಟೆಯ ಮೇಲೆ ಎಂಬುದು ನನಗೆ ಮರುದಿನ ಬೆಳಿಗ್ಗೆ ಗೊತ್ತಾಯಿತು.

ಕೆಳಗ ಯಾರೋ ಅದಾರ

ನಮ್ಮ ಮನೆಯ ಮಾಲಕಿ ಕ್ರಿಶ್ಚಿಯನ್ ವಿಧವೆ. ದೊಡ್ಡ ಮನೆಯ ಅರ್ಧದಲ್ಲಿ ಮಗಳೊಂದಿಗೆ ತಾನಿದ್ದು, ಇನ್ನರ್ಧ ನಮಗೆ ಕೊಟ್ಟಿದ್ದಳು. ಸಂಡಾಸ ಹಿತ್ತಲಲ್ಲಿತ್ತು. ನಾಲ್ಕು ಮೆಟ್ಟಿಲು ಏರಿ ಹೋಗುವಂಥ ಸಣ್ಣ ಕೋಣೆ. ಒಳಗೆ ಕಾಲಿಡಲು ಎರಡು ಕಲ್ಲು, ನಡುವೆ ಒಂದು ಕಿಂಡಿ.

ನಮ್ಮವರು ತಂಬಿಗೆ ಹಿಡಿದು ಏರಿ ಹೋದರು. ಒಂದು ನಿಮಿಷವಾಗಿರಲಿಲ್ಲ, ತುಂಬಿದ ತಂಬಿಗೆಯೊಂದಿಗೆ ಹಾಗೇ ಇಳಿದು ಬಂದರು. ಮುಖ ಬಿಳಿಚಿಕೊಂಡಿತ್ತು.

"ಯಾಕ್ರಿ, ಏನಾತು?"

"ಕೆಳಗ ಯಾರೋ ಅದಾರ," ಎಂದರು ಪಿಸುದನಿಯಲ್ಲಿ.

ನಾನು ಹಿಂದೆ ಹೋಗಿ ನೋಡಿದೆ. ಕಿಂಡಿಯ ಕೆಳಗೆ, ಇಳಿಜಾರು ಕಲ್ಲಿನ ತುದಿಯಲ್ಲಿ, ಮಾಲಕಿಯ ಕರಿ ಹಂದಿ ಮೂತಿ ಮೇಲೆತ್ತಿಕೊಂಡು ನಿಂತಿತ್ತು. ಆಗೆಲ್ಲ ಅಲ್ಲಿ ಹಳೆಯ ಮನೆಗಳಲ್ಲಿ ಇದೇ ಏರ್ಪಾಡು. ಮೇಲೆ ಮನುಷ್ಯ, ಕೆಳಗೆ ಹಂದಿ, ತೊಳೆಯುವವರ ಹಂಗಿಲ್ಲ. ಮಾಲಕಿ ತನ್ನ ಕೊಂಕಣಿ ಮಿಶ್ರಿತ ಹಿಂದಿಯಲ್ಲಿ ನನಗೆ ಧೈರ್ಯ ಹೇಳಿದಳು: "ಹೆದರಬೇಡಿ. ಅದು ಏನೂ ಮಾಡುವುದಿಲ್ಲ, ಕಾಯುತ್ತದೆ ಅಷ್ಟೇ."

ನಾನದನ್ನು ನಮ್ಮವರಿಗೆ ಹೇಳಿದೆ.

"ಅದು ಕಾಯತೈತಿ ಅಂತನ ನನಗ ಬರವಲ್ದು," ಎಂದರು. "ನೀನ ಹೇಳು, ಬ್ಯಾಂಕಿನ್ಯಾಗ ಗಿರಾಕಿ ಹಿಂಗ ಮುಖಾ ನೋಡ್ಕೋತ ನಿಂತ್ರೂ ನನ್ನ ಲೆಕ್ಕಾ ತಪ್ಪತೈತಿ."

ಮೂರು ಔಷಧ, ಒಂದು ಶನಿವಾರ

ಒಂದು ವಾರ ಕಳೆಯುವುದರೊಳಗೆ ಅವರ ಹೊಟ್ಟೆ ಡೋಲಿನಂತಾಯಿತು. ಊಟ ಬೇಡ, ಮಾತು ಬೇಡ, ಎಲ್ಲದಕ್ಕೂ ಸಿಡಿಮಿಡಿ. ಒಂದು ದಿನ ಊಟದ ತಾಟು ಸರಿಸಿ ಹೇಳಿಯೇಬಿಟ್ಟರು: "ಈ ಊರು ನನಗ ಆಗಿಬರೂದಿಲ್ಲ. ಹೊಟ್ಟಿ ಸರಿ ಆಗಲಿಲ್ಲಂದ್ರ ತಿರಗಿ ಧಾರವಾಡಕ್ಕ ವರ್ಗಾ ಕೇಳತೇನಿ."

ನನ್ನ ಕಣ್ಣ ಮುಂದೆ ಆರಿದ ಚಹಾ ಬಂತು.

ಸುದ್ದಿ ಬ್ಯಾಂಕಿನಲ್ಲಿ ಹಬ್ಬಿತ್ತು. ಬೆಳಗಾವಿ ಕಡೆಯ ಗುಮಾಸ್ತರು ಔಡಲೆಣ್ಣೆ ಕುಡಿಯಿರಿ ಎಂದರು. ಅಂಕೋಲೆಯ ಕ್ಯಾಶಿಯರರು ಸೋನಾಮುಖಿ ಕಷಾಯ ಎಂದರು. ಮ್ಯಾನೇಜರರು ಸ್ವತಃ ತಮ್ಮ ಡ್ರಾವರಿನಿಂದ ತ್ರಿಫಲಾ ಚೂರ್ಣದ ಡಬ್ಬಿ ತೆಗೆದು ಕೊಟ್ಟರು. ನಮ್ಮವರಿಗೆ ಯಾರ ಮನಸ್ಸನ್ನೂ ನೋಯಿಸುವ ಸ್ವಭಾವವಿಲ್ಲ. ಅರ್ಧ ದಿನದ ಕೆಲಸ ಮುಗಿಸಿ ಬಂದ ಶನಿವಾರ ಮೂರನ್ನೂ ತೆಗೆದುಕೊಂಡರು.

ಸಂಜೆಯಿಂದ ಅವರು ಆ ನಾಲ್ಕು ಮೆಟ್ಟಿಲು ಏರಿದ್ದೆಷ್ಟು, ಇಳಿದದ್ದೆಷ್ಟು, ಲೆಕ್ಕವಿಡಲು ನಮ್ಮಿಬ್ಬರಿಗೂ ತ್ರಾಣವಿರಲಿಲ್ಲ. ಕೆಳಗೆ ಯಾರಿದ್ದಾರೆ ಎಂದು ನೋಡುವ ವ್ಯವಧಾನ ಅವರಿಗಂತೂ ಇರಲಿಲ್ಲ. ನಾನು ನಿಂಬೆರಸಕ್ಕೆ ಉಪ್ಪು ಸಕ್ಕರೆ ಹಾಕಿ ಕೊಡುವುದು, ಅವರು ಅದನ್ನು ಅರ್ಧ ಕುಡಿದು ಓಡುವುದು. ಬೆಳಗಾಗುವ ಹೊತ್ತಿಗೆ ಹಣ್ಣಾಗಿ ಹಾಸಿಗೆಗೆ ಬಿದ್ದರು.

ರವಿವಾರ ಚರ್ಚಿನಿಂದ ಬಂದ ಮಾಲಕಿ ನೇರವಾಗಿ ನಮ್ಮ ಬಾಗಿಲಿಗೆ ಬಂದಳು. ಮುಖದಲ್ಲಿ ಚಿಂತೆ. ನಮ್ಮವರ ಆರೋಗ್ಯ ವಿಚಾರಿಸಲು ಬಂದಿದ್ದಾಳೆಂದು ನಾನು ಕುರ್ಚಿ ಹಾಕಿದೆ. ಅವಳು ಕೂಡಲಿಲ್ಲ.

"ನಿನ್ನೆ ನೀವು ಏನು ತಿಂದಿರಿ?" ಎಂದು ಕೇಳಿದಳು. "ನನ್ನ ಹಂದಿಗೆ ಹೊಟ್ಟೆ ಕೆಟ್ಟಿದೆ."

ಡಾಕ್ಟರರ ಪಥ್ಯ

ಇನ್ನು ತಡ ಮಾಡಬಾರದೆಂದು ಅವರನ್ನು ಡಾಕ್ಟರರ ಹತ್ತಿರ ಎಳೆದುಕೊಂಡು ಹೋದೆ. ವಯಸ್ಸಾದವರು, ಕಾರವಾರ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ನಮ್ಮವರು ನಾಚಿ ನಾಚಿ ಎಲ್ಲ ಹೇಳಿದರು. ಡಾಕ್ಟರರು ಹೊಟ್ಟೆ ಒತ್ತಿ ನೋಡಿ ಮೊದಲು ಆ ಮೂರು ಔಷಧಗಳನ್ನೂ ಹೊರಗೆಸೆಯಲು ಹೇಳಿದರು.

"ಜೋಳದ ರೊಟ್ಟಿ ತಿಂದ ಹೊಟ್ಟೆ ಇದು. ಇಲ್ಲಿ ಜೋಳ ಸಿಗದೆಂದು ಬರೀ ಬಿಳಿ ಅನ್ನ ಹಾಕಿದರೆ ಮುನಿಸಿಕೊಳ್ಳದೆ ಏನು ಮಾಡುತ್ತದೆ? ರೊಟ್ಟಿ ತಿನ್ನಿ, ಸೊಪ್ಪು ತಿನ್ನಿ. ನೀರು ಕುಡಿಯಿರಿ. ಸಂಜೆ ಅಡ್ಡಾಡಿ ಬನ್ನಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಹೋಗಿ ಕೂಡಿ, ತಿಣುಕಬೇಡಿ, ಬಂದದ್ದನ್ನು ತಡೆಯಬೇಡಿ. ರಕ್ತ ಬಿದ್ದರೆ, ತೂಕ ಇಳಿದರೆ ಮಾತ್ರ ಓಡಿ ಬನ್ನಿ."

"ಅದೆಲ್ಲಾ ಖರೇ ರೀ ಡಾಕ್ಟರ್," ಎಂದರು ನಮ್ಮವರು. "ಆದ್ರ ಹಂದಿಗೆ ಏನ್ ಮಾಡೂದ್ರಿ?"

ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂದಿಗೆ ಪಥ್ಯ ಬೇಡ," ಎಂದರು.

ದಯಾಳು ಬಾಡಿಗೆದಾರ

ಊರಿಗೆ ಹೋಗಿ ಬರುವವರ ಕೈಯಲ್ಲಿ ಜೋಳ ತರಿಸಿದೆ. ಹಿತ್ತಲಲ್ಲಿ ಪುಂಡಿಸೊಪ್ಪು, ಮೆಂತ್ಯ ಹಾಕಿದೆ. ನಮ್ಮವರು ಬೆಳಿಗ್ಗೆ ಎದ್ದು ದೊಡ್ಡ ಲೋಟ ನೀರು ಕುಡಿದು ಅದೇ ಹೊತ್ತಿಗೆ ಮೆಟ್ಟಿಲೇರತೊಡಗಿದರು. ಮೊದಮೊದಲು ಕಣ್ಣು ಮುಚ್ಚಿ ಕೂಡುತ್ತಿದ್ದರಂತೆ. ಆಮೇಲೆ ಒಂದು ರೂಢಿಯಾಯಿತು. ಇವರು ಮೇಲಿನಿಂದ ಕೆಮ್ಮುವುದು, ಅದು ಕೆಳಗಿನಿಂದ "ಗುರ್" ಎನ್ನುವುದು, ಅಷ್ಟಕ್ಕೆ ಕೆಲಸ ಮುಗಿಯುವುದು. ಇಳಿದು ಬರುವಾಗ ಹಾಡು ಗುನುಗುತ್ತಿದ್ದರು. ವರ್ಗದ ಮಾತು ನಿಂತಿತು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

ಹೀಗೆ ಒಂದು ವರ್ಷ ಕಳೆದ ಮೇಲೆ ಮಾಲಕಿಯ ಮಗಳ ಮದುವೆ ಗೊತ್ತಾಯಿತು. ಮಾಲಕಿ ಹಿತ್ತಲಲ್ಲಿ ನಿಂತು ಹಂದಿಯನ್ನು ತೋರಿಸಿ ಹೆಮ್ಮೆಯಿಂದ ಹೇಳಿದಳು: "ಮದುವೆಗೆಂದೇ ಬೆಳೆಸಿದ್ದು."

ನಮ್ಮವರ ಕೈಯಲ್ಲಿದ್ದ ತಂಬಿಗೆ ಜಾರಿ ಬಿತ್ತು. ಅಂದು ಅವರು ಬ್ಯಾಂಕಿಗೆ ತಡವಾಗಿ ಹೋದರು. ಮೊದಲು ಮಾಲಕಿಯ ಮನೆಗೆ ಹೋಗಿ ಕೈ ಮುಗಿದು ನಿಂತರು: "ಅಕ್ಕಾರ, ಅದನ್ನ ಕಡೀಬ್ಯಾಡ್ರಿ. ನನಗ ಅದು ಭಾಳ ಹೊಂದಿಕೊಂಡೈತಿ." ನಾನು ಅದನ್ನು ಹಿಂದಿಗೆ ತಂದು ಹೇಳಿದೆ. ಹೊಂದಿಕೊಂಡದ್ದು ಯಾವ ವಿಷಯದಲ್ಲಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾಲಕಿಯ ಕಣ್ಣಲ್ಲಿ ನೀರು ಬಂತು. ಮಾಂಸ ಮುಟ್ಟದ ಮನುಷ್ಯ, ಮೂಕ ಪ್ರಾಣಿಯ ಮೇಲೆ ಎಷ್ಟು ದಯೆ ಎಂದು ಬೀದಿಗೆಲ್ಲ ಹೇಳಿದಳು. ಪಾದ್ರಿಗಳು ಮನೆಗೆ ಬಂದು ನಮ್ಮವರ ಕೈ ಕುಲುಕಿದರು. ನಮ್ಮವರು ತಲೆ ತಗ್ಗಿಸಿ ನಿಂತಿದ್ದರು, ಅದು ವಿನಯವೆಂದು ಎಲ್ಲರೂ ಇನ್ನಷ್ಟು ಹೊಗಳಿದರು.

ಮದುವೆಗೆ ಪೇಟೆಯಿಂದ ಬೇರೆ ಹಂದಿ ಬಂತು. ಪಾಪ, ಅದರ ಪರವಾಗಿ ಮಾತಾಡಲು ಬಾಡಿಗೆದಾರರು ಯಾರೂ ಇರಲಿಲ್ಲ.

ನೀರಿನ ಮಹಿಮೆ

ಮಾಲಕಿಯ ಮನಸ್ಸು ಅಲ್ಲಿಗೇ ನಿಲ್ಲಲಿಲ್ಲ. ಇಂಥ ದಯಾಳು ಇರುವ ಮನೆಯಲ್ಲಿ ಆ ಪ್ರಾಣಿಗೆ ಅಂಥ ಹೊಲಸು ಬಾಳು ಯಾಕೆ ಎಂದುಕೊಂಡಳು. ಮದುವೆ ಗದ್ದಲ ಮುಗಿದ ಮೇಲೆ ನಮ್ಮ ಬಚ್ಚಲಿನ ಪಕ್ಕಕ್ಕೆ ಹೊಸ ಸಂಡಾಸ ಕಟ್ಟಿಸಿದಳು. ಬಿಳಿ ಟೈಲ್ಸು, ಸರಪಳಿ ಎಳೆದರೆ ನೀರು. ಹಳೆಯದನ್ನು ಕೆಡವಿಸಿದಳು. ಹೊಸದರ ಬಾಗಿಲಿಗೆ ಹೂವಿನ ಮಾಲೆ ಕಟ್ಟಿ, ಮೊದಲು ನೀವೇ ಹೋಗಬೇಕು ಎಂದು ನಮ್ಮವರನ್ನು ಮರ್ಯಾದೆಯಿಂದ ಕರೆದಳು.

ನಮ್ಮವರು ಒಳಗೆ ಹೋದರು. ಅಗುಳಿ ಹಾಕಿದ ಸದ್ದಾಯಿತು. ಆಮೇಲೆ ಒಂದು ಕೆಮ್ಮು ಕೇಳಿತು. ಸ್ವಲ್ಪ ಬಿಟ್ಟು ಇನ್ನೊಂದು. ಉತ್ತರ ಬರಲಿಲ್ಲ.

ಹೊರಗೆ ಬಂದಾಗ ಅವರ ಮುಖ ಮೊದಲ ದಿನದಂತೆಯೇ ಬಿಳಿಚಿತ್ತು. "ಆಗವಲ್ದು," ಎಂದರು. ಮರುದಿನವೂ ಅದೇ. ಅದರ ಮರುದಿನ ರೊಟ್ಟಿಯ ತಾಟು ಸರಿಸಿ, "ಧಾರವಾಡಕ್ಕ..." ಎಂದು ಶುರು ಮಾಡಿದರು.

ಕೇಳಿ ನನಗೆ ಅಳುವೇ ಬಂತು. ಆದರೆ ಅಳುತ್ತ ಕೂತರೆ ನನ್ನ ಕಟ್ಟೆ, ನನ್ನ ಬಿಸಿ ಚಹಾ ಉಳಿಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ನೀರು ಕುಡಿದು ಒಳಗೆ ಹೋಗಿ ಅಗುಳಿ ಹಾಕಿದ ಕೂಡಲೇ ನಾನು ಹಿಂದಿನ ದಿನದ ಎರಡು ರೊಟ್ಟಿ ಹಿಡಿದು ಸಂಡಾಸದ ಹಿಂದಕ್ಕೆ ಹೋದೆ. ಬಿಡುವಾಗಿ ತಿರುಗುತ್ತಿದ್ದ ಹಂದಿಯನ್ನು ಕರೆದು, ಗಾಳಿಕಿಂಡಿಯ ಕೆಳಗೆ ರೊಟ್ಟಿ ಮುರಿದು ಹಾಕಿದೆ.

ಒಳಗಿನಿಂದ ಕೆಮ್ಮು ಕೇಳಿತು.

ಹೊರಗಿನಿಂದ "ಗುರ್" ಎಂದಿತು.

ಕ್ಷಣ ಹೊತ್ತಿನಲ್ಲಿ ಸರಪಳಿ ಎಳೆದ ಸದ್ದು, ನೀರು ಧೋ ಎಂದು ಬಿದ್ದ ಸದ್ದು. ನಾನು ಓಡಿ ಬಂದು ಒಲೆಯ ಮುಂದೆ ನಿಂತೆ. ನಮ್ಮವರು ಹಾಡು ಗುನುಗುತ್ತ ಬಂದು ಕೈ ಒರೆಸಿಕೊಂಡರು.

"ಡಾಕ್ಟರ್ ಹೇಳಿದ್ದು ಖರೇ ನೋಡು," ಎಂದರು. "ಇವತ್ತ ಒಂದು ಲೋಟ ಹೆಚ್ಚಿಗಿ ಕುಡದೆ. ಎಲ್ಲಾ ನೀರಿನ ಮಹಿಮಾ."

"ಹೌದ್ರಿ," ಎಂದು ನಾನು ಚಹಾ ಸೋಸಿಕೊಂಡು ಕಟ್ಟೆಗೆ ಬಂದು ಕಾಲು ಚಾಚಿ ಕೂತೆ. ನೀರಿನ ಮಹಿಮೆ ಹಿತ್ತಲಿನಿಂದ ಬಾಲ ಅಲ್ಲಾಡಿಸುತ್ತ ಬಂದು, ಇನ್ನೊಂದು ರೊಟ್ಟಿಗಾಗಿ ನನ್ನ ಮುಂದೆ ನಿಂತಿತು.