ಕೊಸರಿಗೆ ಬಂದ ಕುಣಿತ

ವ್ಯಾಪಾರ ಮಾಡುವುದನ್ನು ನನ್ನಿಂದ ಕಲಿಯಬೇಕು. ಕುಷ್ಟಗಿ ಸಂತೆಯಲ್ಲಿ ತೂಕದ ಮೇಲೊಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ನಾನು ಹಸಿಮೆಣಸಿನಕಾಯಿಯನ್ನೂ ಕೊಂಡವನಲ್ಲ. ಬರಿಗೈಯಲ್ಲಿ ದಾಳಿಂಬೆ ಸಸಿಗಳ ನರ್ಸರಿ ಕಟ್ಟಿದ್ದೂ ಇದೇ ಬುದ್ಧಿಯಿಂದ. ಹಾಗಾಗಿ ನರ್ಸರಿಗೊಂದು ವೆಬ್‌ಸೈಟ್ ಮಾಡಿಸಲು ಕೊಪ್ಪಳಕ್ಕೆ ಹೊರಟಾಗ ನನಗೆ ಅಳುಕೇ ಇರಲಿಲ್ಲ.

ವೆಬ್‌ಸೈಟ್ ಮಾಡುವ ಶೈಲಜಾ ಮೊದಲೇ ಎಚ್ಚರಿಸಿದ್ದಳು.

"ಅಣ್ಣಾರ, ಪೇಜಿನ್ಯಾಗ ಒಂದು ಸಸಿ ಚಿಗುರಿದಂಗ ತೋರ್ಸೋಣು, ಅಷ್ಟ ಸಾಕು. ಅದನ್ನ ನಾನ ಕೈಲೆ ಬರೀತೀನ್ರಿ, ನಾಕು ಸಾಲು. ಲೈಬ್ರರಿ ಬ್ಯಾಡ."

"ಲೈಬ್ರರಿ ಅಂದ್ರ?"

"ಯಾರೋ ಬರೆದಿಟ್ಟ ರೆಡಿಮೇಡ್ ಅನಿಮೇಷನ್ ಗಂಟ್ರಿ. ಕುಣಿಯೋದು, ತಿರುಗೋದು, ಜಿಗಿಯೋದು ಎಲ್ಲಾ ಇರ್ತಾವ. ನಿಮ್ಮ ಪೇಜಿಗೆ ಭಾರ ಆಗ್ತೈತಿ, ಲಗೂನ ತೆರೆಯಂಗಿಲ್ಲ."

"ಅದಕ್ಕ ರೊಕ್ಕ?"

"ಗಂಟು ಫುಕಟ್ರಿ."

ಫುಕಟ್! ಒಂದು ಚಿಗುರಿಗಾಗಿ ಇಡೀ ಗಂಟು ಬಿಟ್ಟುಬರಲು ನನಗೇನು ಹುಚ್ಚೇ? ಗಂಟನ್ನೇ ಹಾಕಿಸಿದೆ. ಅದರೊಳಗಿದ್ದದ್ದನ್ನೆಲ್ಲ ಕೊಸರಿಗೆ ಕೇಳಿದೆ. ಶೈಲಜಾ ಕೈಮುಗಿದು ಒಪ್ಪಿಕೊಂಡಳು. ನಾನು ಅದನ್ನು ಗೌರವವೆಂದು ತಿಳಿದೆ.

ಮನೆಯಲ್ಲಿ ಪೇಜು ತೆರೆಯಿತು, ಚಹಾ ಕುಡಿದು ಮುಗಿಸುವಷ್ಟು ಹೊತ್ತಿಗೆ. ಹಣ್ಣುಗಳು ಉರುಳಿದವು, ಸಸಿಗಳು ಗಿರಗಿರ ತಿರುಗಿದವು, ತಳಿಗಳ ಹೆಸರು ಮೇಲಿಂದ ಉದುರಿದವು, ಫೋನ್ ನಂಬರು ಆ ಮೂಲೆಯಿಂದ ಈ ಮೂಲೆಗೆ ಜಿಗಿಯಿತು.

"ಹೆಂಗೈತಿ?" ಎಂದು ಹೆಂಡತಿ ಗಿರಿಜಾಳನ್ನು ಕೇಳಿದೆ.

"ಮುಚ್ಚಳ ತಗದು ಮಿಕ್ಸರ್ ಚಾಲೂ ಮಾಡಿದಂಗ ಐತ್ರಿ."

ಅದೇ ವಾರ ಇರಕಲ್ಲಗಡದ ಶರಣೇಗೌಡರು ಹೇಳಿಕಳಿಸಿದರು: ವೆಬ್‌ಸೈಟಿನಲ್ಲಿ ಸಸಿ ನೋಡಿ ಫೋನ್ ಮಾಡುತ್ತಾರಂತೆ, ಮನಸ್ಸಿಗೆ ಬಂದರೆ ಇಡೀ ತೋಟಕ್ಕೆ ನಮ್ಮವೇ ಸಸಿಗಳಂತೆ. ನನ್ನ ಸಸಿಗಳು ಆಗಲೇ ಚೀಲದೊಳಗೆ ಬೇರು ಸುತ್ತಿಕೊಳ್ಳುತ್ತಿದ್ದವು. ಗೌಡರು ಒಯ್ಯದಿದ್ದರೆ ಅಷ್ಟೂ ತಿಪ್ಪೆಗೆ. ಒಂದು ದಿನ ಕಾದೆ, ಎರಡು ದಿನ ಕಾದೆ. ಫೋನು ಉಸಿರೆತ್ತಲಿಲ್ಲ.

"ಅದಕ್ಕೂ ಒಂದು ಅನಿಮೇಷನ್ ಹಾಕಿಸ್ರಿ, ಕುಣೀಲಿ" ಎಂದಳು ಗಿರಿಜಾ.

ಮೂರನೆಯ ದಿನ ಬಾಗಿಲಿಗೆ ಜೀಪು ಬಂತು. ಗೌಡರೇ ಇಳಿದರು.

"ಎರಡು ದಿನಾ ನಿಮ್ಮ ನಂಬರಿನ ಬೆನ್ನು ಹತ್ತೀನಿ. ಬೆರಳು ಇಟ್ಟ ಕೂಡ್ಲೆ ಆ ಕಡೆ ಜಿಗಿತೈತಿ. ನಮ್ಮ ಟಗರು ಹಿಡಿಯೋದು ಸಲೀಸು. ಅದಕ್ಕ ಜಗಳಾ ಮಾಡಾಕ ಖುದ್ದ ಬಂದೀನಿ."

ನಾನು ಬಾಯಿ ತೆರೆಯುವ ಮೊದಲೇ ಅವರು ಸಸಿಗಳ ಸಾಲಿಗೆ ಹೋಗಿ ಎಲೆ ಮಗುಚಿ ನೋಡಿದರು, ಬೇರು ನೋಡಿದರು. ನಾನು ಉಸಿರು ಹಿಡಿದು ನಿಂತಿದ್ದೆ.

"ಇವಾದ್ರೂ ಒಂದ ಕಡೆ ನಿಂತಾವಲ್ಲ. ಛಲೋ ಅದಾವ. ಎಲ್ಲಾ ಹೇರಸ್ರಿ."

ಹಿಡಿದ ಉಸಿರನ್ನು ಬಿಟ್ಟಾಗ ಪಕ್ಕದ ಸಸಿಯ ಎಲೆ ಅಲುಗಿತು. ಅದೊಂದೇ ಅನಿಮೇಷನ್ ಆ ದಿನ ನನಗೆ ಹಿತವೆನಿಸಿತು.

ಮರುದಿನವೇ ಕೊಪ್ಪಳಕ್ಕೆ ಓಡಿದೆ. ಶೈಲಜಾ ಗಂಟನ್ನು ಕಿತ್ತೆಸೆದು ಕೈಯಿಂದ ನಾಲ್ಕು ಸಾಲು ಬರೆದಳು. ಪೇಜು ಥಟ್ಟನೆ ತೆರೆಯಿತು. ಒಂದು ಸಸಿ ಚಿಗುರಿತು, ಸುಮ್ಮನಾಯಿತು. ನಂಬರು ಕಲ್ಲಿನಂತೆ ನಿಂತಿತ್ತು. ನೋಡಿ ಕಣ್ಣು ತಣ್ಣಗಾದವು.

ನೀವೂ ವೆಬ್‌ಸೈಟ್ ಮಾಡಿಸುವವರಾದರೆ ನನ್ನ ಸಲಹೆ ಕೇಳಿ: ಬೇಕಾದದ್ದು ಒಂದೇ ಆದರೆ ಕೈಯಿಂದ ಬರೆಸಿ, ಹತ್ತಾರು ಬಗೆ ನಿಜಕ್ಕೂ ಬೇಕಿದ್ದರೆ ಮಾತ್ರ ಲೈಬ್ರರಿ ತರಿಸಿ. ಈ ಸಲಹೆ ಶೈಲಜಾಳದು. ಸಸಿ ಕಳೆದುಕೊಳ್ಳುವ ಹಂತಕ್ಕೆ ಹೋಗಿ ಬಂದಿದ್ದರಿಂದ ಈಗ ಅದು ನನ್ನದೂ ಹೌದು.

ಹೊರಡುವಾಗ ಹಾಳು ಬಾಯಿ ಸುಮ್ಮನಿರಲಿಲ್ಲ. "ತಂಗಿ, ಕೊಸರು?"

ಅವಳು ಕಂಪ್ಯೂಟರಿನತ್ತ ತಿರುಗಿದಳು. "ಗಂಟು ಇನ್ನೂ ಇಲ್ಲೇ ಐತ್ರಿ ಅಣ್ಣಾರ. ಹಾಕಲೇನು?"

ಹುಟ್ಟಿದ ಮೇಲೆ ಮೊದಲ ಸಲ ಕೊಸರು ಬೇಡವೆಂದೆ. ಬೇಡವೆನ್ನುತ್ತಲೇ ಬಸ್‌ಸ್ಟ್ಯಾಂಡ್ ತನಕ ಓಡಿದೆ.