ಲಾರಿಗಳಿಗೆ ಕೈಮುಗಿದ ಮಾವ

ನನ್ನ ಸೋದರಮಾವ ದೇವರಿಗಿಂತ ಲಾರಿಗಳಿಗೇ ಹೆಚ್ಚು ಸಲ ಕೈಮುಗಿದವರು. ಉತ್ಪ್ರೇಕ್ಷೆ ಅನ್ನಿಸಿದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ. ದೇವರಿಗೆ ಬೆಳಿಗ್ಗೆ ಒಂದೇ ಸಲ, ಅದೂ ಕಾಫಿಯ ಲೋಟ ಕೆಳಗಿಡದೆ. ಲಾರಿಗಳಿಗಾದರೋ ಹಗಲಿಡೀ, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು!

ಕೋಯಿಮತ್ತೂರಿನ ಕುರಿಚಿಯ ಹತ್ತಿರ, ಹಿಂದೆ ಮನೆಮನೆಯಲ್ಲೂ ಮಗ್ಗವಿದ್ದ, ಕನ್ನಡ ಮಾತಾಡುವ ನೇಕಾರರ ಸಣ್ಣ ಬೀದಿ ನಮ್ಮದು. ಮಾವನ ಮನೆ ನಮ್ಮ ಮನೆಗೆ ಎದುರು. ದೊಡ್ಡ ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟಲು ಶುರುಮಾಡಿದಾಗ ಬಸ್ಸು, ಲಾರಿ, ಫೌಂಡ್ರಿಗಳಿಗೆ ಕಬ್ಬಿಣ ಹೊರುವ ಟೆಂಪೊ ಎಲ್ಲವನ್ನೂ ನಮ್ಮ ಬೀದಿಗೆ ತಿರುಗಿಸಿದರು. ಆರೇ ತಿಂಗಳು ಅಂದರು. ಆ ಆರು ತಿಂಗಳು ಮೂರು ವರ್ಷ ನಡೆಯಿತು. ಮಾವನ ಬಾಗಿಲ ಮುಂದೆಯೇ ತಿರುವು. ಅಲ್ಲಿ ಎದುರುಬದುರಾದ ಎರಡು ಲಾರಿಗಳು ದಾರಿ ಬಿಡುವ ಹೊತ್ತಿಗೆ ಹೊಗೆ ಮುಂಬಾಗಿಲಿನಿಂದ ಬಂದು, ನೆಂಟರ ಹಾಗೆ ಎಲ್ಲ ಕೋಣೆಗಳನ್ನೂ ನೋಡಿಕೊಂಡು, ಹಿತ್ತಲಿನಿಂದ ಹೊರಡುತ್ತಿತ್ತು. ಅತ್ತೆಗೆ ಮೊದಲೇ ಉಬ್ಬಸ.

ಮಾವ ಹುಟ್ಟಾ ನೇಕಾರರು. ಬಿಳಿ ಬಣ್ಣದ ವಿಷಯದಲ್ಲಿ ಅವರನ್ನು ಮೋಸಗೊಳಿಸಲಾಗದು. ದಿನವೂ ಬೆಳಿಗ್ಗೆ ಕಿಟಕಿಗೆ ಒಂದು ಹೊಸ ಬಿಳಿ ಟವೆಲ್ ಕಟ್ಟುವರು, ಸಂಜೆ ಬೂದುಬಣ್ಣವಾದದ್ದನ್ನು ಬಿಚ್ಚಿ ಮಡಿಸಿಡುವರು. ಹೀಗೆ ಒಂದು ಕಟ್ಟು ಸೇರಿದ ಮೇಲೆ ಅದನ್ನು ಹೊತ್ತು ದೂರು ಕೊಡಲು ಕಾರ್ಪೊರೇಷನ್ ಕಚೇರಿಗೆ ಹೋದರು. ಅಲ್ಲಿದ್ದವರು ಮಾರಲು ತಂದದ್ದೆಂದುಕೊಂಡು ಟವೆಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಈ ಬಣ್ಣ ಮನೆಯಲ್ಲೇ ಹಾಕಿದ್ದೋ, ಒಗೆದರೆ ಹೋಗುತ್ತದೋ ಎಂದು ವಿಚಾರಿಸಿದರಂತೆ. ಮಾವ ಕಟ್ಟು ಹೊತ್ತು ವಾಪಸಾದರು. ಅತ್ತೆ ನಕ್ಕು ನಕ್ಕು ಕೆಮ್ಮು ಬಂದು ಗೋಡೆ ಹಿಡಿದು ಕೂತರು. ಅದಾದ ಮೇಲೆ ಮಾವ ಆ ಕತೆಯನ್ನು ಅವರ ಮುಂದೆ ಹೇಳಲಿಲ್ಲ.

ಮರುದಿನದಿಂದ ತಿರುವಿನಲ್ಲಿ ನಿಂತುಬಿಟ್ಟರು. ಸಿಕ್ಕಿಕೊಂಡ ಪ್ರತಿ ವಾಹನದ ಹತ್ತಿರ ಹೋಗಿ, ಕೈಮುಗಿದು, ತಮಿಳಿನಲ್ಲಿ, "ತಂಬಿ, ವಂಡಿ ಆಫ್ ಪಣ್ಣುಂಗ" ಎಂದು ಗಾಡಿಯ ಎಂಜಿನ್ ನಿಲ್ಲಿಸಲು ಬೇಡುವರು. ಕೆಲವರು ನಿಲ್ಲಿಸುತ್ತಿದ್ದರು, ಕೆಲವರು ಹಾರ್ನ್ ಹೊಡೆಯುತ್ತಿದ್ದರು. ಅಜ್ಜನಿಗೆ ಎಲ್ಲಿಗೋ ಹೋಗಬೇಕಿದೆ ಎಂದುಕೊಂಡ ಒಬ್ಬ ಕಂಡಕ್ಟರ್ ಕೈಹಿಡಿದು ಬಸ್ಸು ಹತ್ತಿಸಿಯೂ ಬಿಟ್ಟ! ಮಾವ ಮುಂದಿನ ಸ್ಟಾಪಿನಿಂದ ನಡೆದು ಬಂದರು.

ಒಂದು ದಿನ ಹಳೆಯ ಲಾರಿಯೊಂದರ ಡ್ರೈವರ್ ಮರ್ಯಾದೆಯಿಂದ ಎಂಜಿನ್ ನಿಲ್ಲಿಸಿದ. ಅದು ಮತ್ತೆ ಶುರುವಾಗಲೇ ಇಲ್ಲ. ಹಿಂದೆ ಮುಂದೆ ಬೀದಿಯುದ್ದಕ್ಕೂ ವಾಹನಗಳು ನಿಂತು, ಎಲ್ಲವೂ ಒಟ್ಟಿಗೆ ಗುರುಗುಡುತ್ತ ಹೊಗೆಯುಗುಳಿದವು. ಒಳಗಿನಿಂದ ಅತ್ತೆಯ ಧ್ವನಿ ಬಂತು: "ನೀವು ನಿಲ್ಸಿದ್ದು ಸಾಕು, ಒಳಗ್ ಬನ್ನಿ."

ಅತ್ತೆಯ ಉಬ್ಬಸ ಹೆಚ್ಚುತ್ತಲೇ ಹೋಯಿತು. ಈ ಬೀದಿ ಬಿಟ್ಟು ಹೋಗಿ ಅಂದರು ಡಾಕ್ಟರ್. ವೆಳ್ಳಕೋಯಿಲ್‌ನಾಚೆ ತೋಟದಲ್ಲಿರುವ ಅತ್ತೆಯ ಅಕ್ಕ ಬಂದು ಕರೆದುಕೊಂಡು ಹೋದರು. ಮಾವ ಮಾತ್ರ ಕದಲಲಿಲ್ಲ. ನೀವೂ ಹೋಗಿ ಎಂದು ನಾನೂ ಅಮ್ಮನೂ ಎಷ್ಟು ಹೇಳಿದೆವು! "ನಾನೂ ಹೋದ್ರೆ ವಂಡಿ ಯಾರು ನಿಲ್ಸೋದು ಕಣ್ಣು?" ಎಂದು, ಚಿಕ್ಕಂದಿನಿಂದ ಮುದ್ದಿಗೆ ಕರೆಯುವ ಹಾಗೆಯೇ ಕಣ್ಣು ಅಂತ ಕರೆದು, ನನ್ನನ್ನೇ ಕೇಳಿದರು.

ಅತ್ತೆ ಅಲ್ಲಿ ಮೆಟ್ಟಿಲು ಹತ್ತುವಷ್ಟು ಚೇತರಿಸಿಕೊಂಡರಂತೆ. ಆದರೂ ಇಪ್ಪತ್ತು ದಿನಕ್ಕೆಲ್ಲ ಚೀಲ ಹಿಡಿದು ಬಂದಿಳಿದರು. ಯಾಕೆ ಬಂದಿರಿ ಎಂದು ನಾನು ಗದರಿದೆ. "ಅಲ್ಲಿ ಮೂಚ್ಚು ಚೆನ್ನಾಗೇ ಬರ್ತೈತೆ," ಎಂದರು ಅತ್ತೆ, ಆ ಮೂಚ್ಚಿಗೇ, ಅಂದರೆ ಉಸಿರಿಗೇ, ನಿಂತು ನಿಂತು. "ಇವರು ಒಬ್ಬರೇ ರೋಡ್‌ನಾಗೆ ನಿಂತಿರ್ತಾರಲ್ಲ."

ಮುಂದಿನ ಮಾರ್ಗಳಿಯ, ಧನುರ್ಮಾಸದ, ಚಳಿಯಲ್ಲಿ, ಹೊಗೆ ಮೇಲೇಳದೆ ಬೀದಿಯಲ್ಲೇ ಕೂತಿದ್ದ ಒಂದು ಬೆಳಿಗ್ಗೆ, ಅತ್ತೆಗೆ ಉಸಿರು ಕಟ್ಟಿತು. ಬಂದ ಆಂಬುಲೆನ್ಸೂ ಅದೇ ತಿರುವಿನಲ್ಲಿ ಸಿಕ್ಕಿಕೊಂಡಿತು. ಮಾವ ಓಡಿಹೋಗಿ ಲಾರಿಗಳಿಗೆ ಕೈಮುಗಿದರು. ಆ ದಿನ ಪ್ರತಿಯೊಬ್ಬರೂ ಎಂಜಿನ್ ನಿಲ್ಲಿಸಿದರು, ಇಳಿದು ಬಂದು ದಾರಿ ಮಾಡಿದರು. ಆಸ್ಪತ್ರೆ ಮುಟ್ಟುವ ಮೊದಲೇ ಅತ್ತೆ ಹೋಗಿದ್ದರು.

ಎರಡು ತಿಂಗಳ ಮೇಲೆ ಸೇತುವೆ ತೆರೆಯಿತು. ಮರುದಿನ ನಮ್ಮ ಬೀದಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ಯಾರೋ ಮಾವನಿಗೆ, ಕೊನೆಗೂ ನೀವೇ ಗೆದ್ದಿರಿ ಎಂದರು. ಅವರು ಸುಮ್ಮನೆ ತಲೆಯಾಡಿಸಿದರು. ನನ್ನೊಡನೆ ಮಾತ್ರ, "ನಾನೂ ತೋಟಕ್ಕೆ ಹೋಗಿದ್ರೆ ಅವಳು ಅಲ್ಲೇ ಇರ್ತಿದ್ದಳು," ಎಂದರು.

ಆ ದಿನ ಅವರ ಮನೆ ತೊಳೆಯಲು ಹೋದೆ. ಇಬ್ಬರೂ ಸೇರಿ ಮುಚ್ಚಿದ್ದ ಕಿಟಕಿಗಳನ್ನು ಒಂದೊಂದಾಗಿ ತೆರೆದೆವು. ಅಡುಗೆಮನೆಯ ಕಿಟಕಿ ಮಾತ್ರ ತೆರೆಯಲಿಲ್ಲ. ಹೊಗೆ ಬಾರದಿರಲೆಂದು ಅದರ ಸಂದಿಗಳಿಗೆ ಅತ್ತೆ ಮೈದಾ ಗಂಜಿ ಹಚ್ಚಿ ಹಳೆಯ ಪೇಪರ್ ಅಂಟಿಸಿದ್ದರು. ಒಣಗಿದ ಗಂಜಿಯ ಮೇಲೆ ಅವರ ಬೆರಳು ಒತ್ತಿದ ಗುರುತುಗಳು ಸಾಲಾಗಿ ಉಳಿದಿದ್ದವು. ಕೆರೆದು ತೆಗೆಯಲು ಚಾಕು ತಂದೆ.

ಮಾವ ನನ್ನ ಕೈ ಹಿಡಿದುಕೊಂಡರು.

"ಅದೊಂದು ಬೇಡ ಕಣ್ಣು. ಮುಚ್ಚೇ ಇರ್ಲಿ."